ಗೋಡೆ ಪಕ್ಕದ ಜಿನ್ನು

“ಮುಕಾದಮ ಅಂದ್ರ ಸೀಟಿ ಊದಾಕಿ, ರಂಡೆ! ಇವ್ರನ್ನ ಹಡದಾಕಿ ಅಲ್ಲ!”

ಮ್ಯಾನೇಜರ್ ಚನ್ನಬಸಯ್ಯ ಸೀಟಿಯನ್ನು ರೇವವ್ವನ ಉಡಿಗೆ ಎಸೆದ. ಕೂಸಿಗೆ ಮೊಲೆಯೂಡಿಸಲು ಎದ್ದ ಬಾಳಮ್ಮನನ್ನು ಅವಳು ತಡೆದಿರಲಿಲ್ಲ.

“ಸೀಟಿ ಊದೂತನಾ ಯಾರೂ ಏಳಂಗಿಲ್ಲ. ಊದಿದ ಮ್ಯಾಲ ಯಾರೂ ಕೂಡಂಗಿಲ್ಲ. ತಿಳೀತಿಲ್ಲೊ?”

“ಹೂನ್ರಿ.”

ಇಂಡಿ ಊರಿನ ಆ ಹತ್ತಿ ಮಿಲ್ಲಿನಲ್ಲಿ ರೇವವ್ವ ಹೊಸ ಮುಕಾದಮಳು, ಹೆಂಗಸರ ಸಾಲಿನ ಮೇಲ್ವಿಚಾರಕಿ. ಅವಳಿಗಿಂತ ಮೊದಲು ಆ ಕೆಲಸ ಶೇವಂತೆವ್ವನದು. ಶೇವಂತೆವ್ವ ಸೀಟಿ ಮುಟ್ಟಿದವಳೇ ಅಲ್ಲ. ಗಾಳಿಯಾಡದ, ಧೂಳೆಲ್ಲ ಬಂದು ಬೀಳುವ ಗೋಡೆ ಪಕ್ಕದ ಜಿನ್ನಿಗೆ, ಬೀಜ ಬಿಡಿಸುವ ಯಂತ್ರಕ್ಕೆ, ಹತ್ತಿ ಉಣಿಸಲು ತಾನೇ ಕೂರುತ್ತಿದ್ದಳು. ಹೊಸದಾಗಿ ಬಂದವರ ಮೂಗಿಗೆ ತನ್ನ ಸೆರಗು ಹರಿದು, ನೀರಲ್ಲಿ ಅದ್ದಿ ಕಟ್ಟುತ್ತಿದ್ದಳು. ಅವಳು ಎದ್ದರೆ ಎಲ್ಲರೂ ಏಳುತ್ತಿದ್ದರು, ಕೂತರೆ ಕೂರುತ್ತಿದ್ದರು. ಕೆಮ್ಮಿನಲ್ಲಿ ರಕ್ತ ಬಂದ ದಿನ ಚನ್ನಬಸಯ್ಯ ಅವಳನ್ನು ಗೇಟಿನಾಚೆ ದಬ್ಬಿದ. ಅರಳೆಗೆ ಕಲೆ ಬಿತ್ತಂತೆ.

ಮಧ್ಯಾಹ್ನ, ಯಂತ್ರಗಳಿಗೆ ಎಣ್ಣೆ ಬಿಡುವ ಗೈಬುಸಾಬ ರೇವವ್ವನ ಕಿವಿಯ ಬಳಿ ಬಾಗಿದ.

“ಯವ್ವಾ, ಶೇವಂತೆವ್ವ ಹೋದ್ಳು.”

ಮಾತು ಸಾಲಿನುದ್ದಕ್ಕೂ ಹೋಯಿತು. ಕೈಗಳು ನಿಂತವು. ಎಲ್ಲರ ಕಣ್ಣು ರೇವವ್ವನ ಮೇಲೆ.

“ಸಾಹೇಬ್ರ, ಮಣ್ಣಿಗೆ ಹೋಗಿ ಬರ್ತೇವ್ರಿ.”

“ಸತ್ತಾಕಿ ಎದ್ದು ಓಡಿ ಹೋಗ್ತಾಳೇನು? ಸೊಲ್ಲಾಪುರದ ಲಾರಿ ನಿಂತೈತಿ.”

“ಹೊತ್ತು ಮುಳುಗೂದ್ರಾಗ ಮಣ್ಣ ಮಾಡ್ತಾರ್ರಿ.”

“ಎಮರ್ಜೆನ್ಸಿ ಐತಿ, ನೆನಪಿಡು! ಸೀಟಿ ಇಲ್ದ ಒಬ್ಬಾಕಿ ಎದ್ರೂ ಪೊಲೀಸ್ರು ಒಯ್ತಾರ.”

ಮನೆಯಲ್ಲಿ ಕಾಲು ಸ್ವಾಧೀನ ತಪ್ಪಿದ ಗಂಡ. ಒಲೆ ಉರಿಯುವುದು ಈ ಕೆಲಸದಿಂದಲೇ. ರೇವವ್ವ ಸೀಟಿಯನ್ನು ಬಾಯಿಗಿಟ್ಟಳು. ಉಸಿರು ಮುಗಿಯುವ ತನಕ ಊದಿದಳು.

ಹೆಂಗಸರೆಲ್ಲ ಎದ್ದರು. ಗೈಬುಸಾಬ ಯಂತ್ರ ತಿರುಗಿಸುವ ಪಟ್ಟಾ ಕಳಚಿದ. ಜಿನ್ನುಗಳ ಸದ್ದು ಅಡಗಿತು.

“ಸೂಳೇರಾ! ನಾಳಿ ಬರ್ರಿ, ಗೇಟಿನಾಗ ಹೆಂಗ ಕಾಲಿಡ್ತೀರಿ ನೋಡ್ತೇನಿ!”

ಸೀಟಿಯನ್ನು ಗೋಡೆ ಪಕ್ಕದ ಜಿನ್ನಿನ ಮೇಲಿಟ್ಟು ರೇವವ್ವ ಹೊರಬಿದ್ದಳು.

ಶೇವಂತೆವ್ವನ ಗುಡಿಸಲ ಮುಂದೆ ಅವಳನ್ನು ಗೋಡೆಗೊರಗಿಸಿ ಕೂಡಿಸಿದ್ದರು. ಪದ್ಧತಿಯಂತೆ ಮೂಗಿನ ಹೊಳ್ಳೆಗಳಿಗೆ ಅರಳೆ ಇಟ್ಟಿದ್ದರು. ರೇವವ್ವ ಬಾಗಿ ಅದನ್ನು ಕಿತ್ತು ತೆಗೆದಳು.

“ಏ, ತಗೀಬಾರ್ದು!” ಓಣಿಯ ಹಿರಿಯ ಪರಪ್ಪ ಗದರಿದ.

“ಜೀವ ಇರೂತನಾ ಇದನ್ನ ನುಂಗ್ಯಾಳ, ಮಾವಾ. ಮಣ್ಣಾಗರ ಬ್ಯಾಡ.”

ತನ್ನ ಸೆರಗಿನ ತುದಿ ಹರಿದು, ಕೊಡದ ನೀರಲ್ಲಿ ಅದ್ದಿ, ಶೇವಂತೆವ್ವನ ಮೂಗಿಗೆ ಕಟ್ಟಿದಳು. ಬಾಳಮ್ಮ ಕೈ ಚಾಚಿ ಗಂಟನ್ನು ತುಸು ಸಡಿಲಿಸಿದಳು, ಉಸಿರು ಕಟ್ಟಬಾರದೆಂದು.