ಕೊನೆಯ ಸಾಲು ಓದುವ ಕ್ಯಾಮೆರಾ

ಕನ್ನಡಕದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು 'ಒಂದೋ ಎರಡೋ'. ಇಟ್ಟಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಕಣ್ಣು ತೋರಿಸಲು ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಫ್ರೇಮು ಏರಿಸಿ, ಒಂದಾದ ಮೇಲೊಂದು ಗಾಜು ತೂರಿಸುತ್ತಾ, ಎದುರುಗೋಡೆಯ ಅಕ್ಷರದ ಹಲಗೆ ತೋರಿಸಿ, ಒಂದು ಚೆನ್ನಾಗಿದೆಯೋ ಎರಡು ಚೆನ್ನಾಗಿದೆಯೋ ಎಂದು ಕೇಳುವುದೇ ಅವನ ಕಸುಬು. ಎರಡು ಅಂದರೆ ಅಲ್ಲಿಗೆ ಬಿಡುವ ಆಸಾಮಿಯಲ್ಲ, ಹಾಗಾದರೆ ಎರಡೋ ಮೂರೋ ಅನ್ನುತ್ತಾನೆ. ಬಂದವರು ಬೆವರೊರೆಸಿಕೊಂಡು, ಎಲ್ಲಾ ಒಂದೇ ಥರ ಇದೆ ಸ್ವಾಮಿ, ಯಾವುದಾದರೂ ಹಾಕಿ ಕಳಿಸಿ ಎಂದು ಕೈಮುಗಿಯಬೇಕು. ಅಂಗಡಿಯಲ್ಲಿ ಇದು ಸರಿಯೇ. ತಪ್ಪು ಗಾಜು ಕೊಟ್ಟರೆ ಜನ ಮೆಟ್ಟಿಲು ತಪ್ಪಿ ಬೀಳುತ್ತಾರೆ. ಆದರೆ ಈ ಮಹಾನುಭಾವ ಮನೆಗೊಂದು ಪೊರಕೆ ಕೊಳ್ಳುವಾಗಲೂ ಹೀಗೇ ಮೀನಮೇಷ ಎಣಿಸುತ್ತಿದ್ದ.

ಅಂಥವನ ತಲೆಗೆ ಈಗ ಕ್ಯಾಮೆರಾ ಕೊಳ್ಳುವ ಕೆಲಸ ಬಿತ್ತು.

ಕಾರಣ ಅವನ ತಾಯಿ. ಅದೇ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಅರ್ಧ ಆಯುಷ್ಯ ಗಾಜು ಉಜ್ಜಿ ಹೊಳಪು ಕೊಟ್ಟವಳು, ಗಂಡ ಸತ್ತ ಮೇಲೆ ಅಂಗಡಿಯನ್ನೂ ಮಗನನ್ನೂ ಒಬ್ಬಳೇ ಎತ್ತಿ ನಿಲ್ಲಿಸಿದವಳು. ಈಗ ಅವಳಿಗೆ ಮರೆವು ಹತ್ತಿತ್ತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಬಚ್ಚಲ ಬಾಗಿಲು ಯಾವುದೆಂದು ಮರೆತಳು, ಆಮೇಲೆ ಎದುರುಮನೆಯವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಯಾರು ಬೇಕಿತ್ತು ಎಂದು ಕೇಳಿದಳು. ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು: ಇದನ್ನು ನಿಲ್ಲಿಸುವುದಕ್ಕಾಗುವುದಿಲ್ಲ, ಸ್ವಲ್ಪ ನಿಧಾನ ಮಾಡಬಹುದು. ದಿನಾ ನೋಡುವ ಮುಖ, ದಿನಾ ಮುಟ್ಟುವ ಸಾಮಾನು, ಇವುಗಳ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟು ಹಾಕಿಸಿ, ಆಲ್ಬಮ್ಮು ಮಾಡಿ, ಸಂಜೆ ಜೊತೆಗೆ ಕೂತು ಒಂದೊಂದರ ಹೆಸರು ಹೇಳಿಸಿ. ದಿನಾ ಹೇಳಿಸಿದ್ದು ಹೆಚ್ಚು ದಿನ ಉಳಿಯುತ್ತದೆ. ಆದರೆ ಗುರುತು ಇರುವಾಗಲೇ ಶುರುಮಾಡಬೇಕು, ಹೋದ ಮೇಲೆ ಎಷ್ಟು ಫೋಟೋ ತೋರಿಸಿದರೂ ಅಷ್ಟೇ.

ನಾಳೆಯಿಂದಲೇ ಶುರು ಎಂದು ಮಗ ತಲೆಯಾಡಿಸಿದ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ತಾಯಿ ಅವನ ತೋಳು ಹಿಡಿದು, "ನಿನ್ನನ್ನ ಮರೀತೀನಾ ಮಗ? ಆ ಡಾಕ್ಟರಿಗೇನು ಗೊತ್ತು" ಎಂದು ನಕ್ಕಳು. ಅವನು ಆ ಕೈಯನ್ನು ಮನೆ ಮುಟ್ಟುವವರೆಗೂ ಬಿಡಲಿಲ್ಲ. ಅವನಿಗೆ ತಾಯಿಯ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರೂ ಅನ್ನಬೇಡಿ. ಇದ್ದಿದ್ದಕ್ಕೇ ಇಷ್ಟೆಲ್ಲಾ ಆಯಿತು.

ಮನೆಯಲ್ಲಿ ಫೋಟೋ ತೆಗೆಯಲು ಏನೂ ಇರಲಿಲ್ಲವೆಂದಲ್ಲ. ಅವನದು ಗುಂಡಿ ಒತ್ತುವ ಹಳೇ ಫೋನಾದರೂ ಹೆಂಡತಿಯ ಹತ್ತಿರ ಕ್ಯಾಮೆರಾ ಇರುವ ಫೋನಿತ್ತು. ಅದು ಅಡುಗೆಕಟ್ಟೆಯಿಂದ ಬಿದ್ದು ಕ್ಯಾಮೆರಾದ ಗಾಜು ಸೀಳಿತ್ತು, ತೆಗೆದ ಫೋಟೋಗಳಿಗೆಲ್ಲ ಒಂದು ಮೂಲೆಯಲ್ಲಿ ಹೊಗೆ ಕೂರುತ್ತಿತ್ತು. ಸದ್ಯಕ್ಕೆ ಇದರಲ್ಲೇ ತೆಗೆಯೋಣ, ಮುಖದ ಗುರುತು ಸಿಕ್ಕರೆ ಸಾಲದೇ ಅಂದಳು ಅವಳು. ಅವನಿಗೆ ಮೈಯೆಲ್ಲ ಉರಿಯಿತು. ಕಣ್ಣಿನ ವ್ಯಾಪಾರ ಮಾಡುವವನ ಮನೆಯಲ್ಲಿ ಮಸುಕು ಫೋಟೋನಾ? ಅದೂ ಎಲ್ಲಾ ಮಸುಕಾಗುತ್ತಿರುವ ಅಮ್ಮನಿಗೆ? ಜೇಬಿಗೆ ಹಿಡಿಸುವ, ನಮ್ಮ ಕೈಗೆಟಕುವ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ತರುತ್ತೇನೆ, ಎರಡು ದಿನ ತಡಿ ಅಂದ. ಆ ಎರಡು ದಿನ ಎಷ್ಟು ಉದ್ದವೆಂದು ಹೆಂಡತಿಗೆ ಗೊತ್ತಿತ್ತು. ಪೊರಕೆ ಕೊಳ್ಳಲು ಅವನ ಜೊತೆ ಹೋಗಿದ್ದವಳು ಅವಳೇ ತಾನೆ.

ಮರುದಿನ ಸಂಜೆ ಅಕ್ಷರದ ಹಲಗೆಯನ್ನು ಗೋಡೆಯಿಂದ ಬಿಚ್ಚಿ, ಕಂಕುಳಲ್ಲಿಟ್ಟುಕೊಂಡು ಕ್ಯಾಮೆರಾ ಅಂಗಡಿಗೆ ಹೊರಟ. ಹೌದು, ಹಲಗೆಯನ್ನೇ. ಅವನ ಮೂಗಿನ ನೇರಕ್ಕೆ ಅವನ ತರ್ಕ ಅಚ್ಚುಕಟ್ಟಾಗೇ ಇತ್ತು: ಕಣ್ಣಾದರೇನು ಕ್ಯಾಮೆರಾ ಆದರೇನು, ಕೊನೆಯ ಸಾಲಿನ ಇರುವೆಯಂಥ ಅಕ್ಷರ ಓದಿದ್ದು ಪಾಸು, ಓದದ್ದು ಫೇಲು. ಅಂಗಡಿಯ ಹುಡುಗಿ ಪಾಪ, ಒಳ್ಳೆಯವಳು. ಹಲಗೆಯನ್ನು ಬ್ಯಾಟರಿಗಳ ಕಪಾಟಿಗೆ ಒರಗಿಸಲು ಬಿಟ್ಟಳು, ಕೇಳಿದ ಕ್ಯಾಮೆರಾಗಳನ್ನೆಲ್ಲ ಗಾಜಿನ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಯಾರ ಫೋಟೋ ತೆಗೆಯುವುದಕ್ಕೆ ಎಂದು ಅವಳು ಕೇಳಿದ್ದೂ ನ್ಯಾಯವೇ.

"ಅದೆಲ್ಲ ಆಮೇಲೆ," ಅಂದ ಇವನು. "ಮೊದಲು ಕೊನೇ ಸಾಲು ಓದ್ಲಿ."

ಒಂದು ಕ್ಯಾಮೆರಾ ಬಿಸಿಲಲ್ಲಿ ಸೊಗಸಾಗಿ ಓದಿತು, ಒಳಗೆ ಬಂದರೆ ಕಾಳು ಕಾಳಾಯಿತು. ಇನ್ನೊಂದು ದೂರದ್ದನ್ನು ಹತ್ತಿರಕ್ಕೆ ಎಳೆಯುವುದರಲ್ಲಿ ಗಟ್ಟಿಗ, ಆದರೆ ಮೂಲೆಯ ಅಕ್ಷರಗಳು ಸೊಟ್ಟ. ಮೂರನೆಯದು ಎಲ್ಲದರಲ್ಲೂ ಸರಿ, ಬೆಲೆ ಮಾತ್ರ ಅವನ ಅಂಗಡಿಯ ಬಾಡಿಗೆಯ ಜೊತೆ ಪೈಪೋಟಿಗೆ ಬಿದ್ದಿತ್ತು. ಅಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿಗಳು ಹಲಗೆ ಕಂಡು ತಾವೇ ಒಂದು ಕಣ್ಣು ಮುಚ್ಚಿ ಓದತೊಡಗಿದರು. ಅವರಲ್ಲಿ ಇಬ್ಬರಿಗೆ ಕನ್ನಡಕ ಬೇಕೆಂದು ಇವನು ಅಲ್ಲೇ ಕಂಡುಹಿಡಿದ. ಹೀಗೆ ಕ್ಯಾಮೆರಾ ಕೊಳ್ಳಲು ಹೋದವನು ಕನ್ನಡಕ ಮಾರಿ ಮನೆಗೆ ಬಂದ.

ಆಮೇಲೆ ಇದೇ ಚಾಳಿಯಾಯಿತು. ಮೊದಲೆಲ್ಲ ಸಂಜೆ ಅಂಗಡಿ ಮುಚ್ಚಿ ಸೀದಾ ಬಂದು ತಾಯಿಯ ಮಂಚದ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವನು ಈಗ ಹಲಗೆ ಹೊತ್ತು ಅಂಗಡಿ ಅಂಗಡಿ ಸುತ್ತಿದ. ಹೊಸ ಮಾದರಿ ಬಂದರೆ ಹಳೆಯದರ ಬೆಲೆ ಇಳಿಯುತ್ತದೆ ಎಂದು ಯಾರೋ ಅಂದರು, ಕಾದ. ಇಳಿಯಿತು. ಇನ್ನೂ ಇಳಿಯಬಹುದೆಂದು ಮತ್ತೆ ಕಾದ. ಅಷ್ಟರಲ್ಲಿ ಮಾಲೇ ಖಾಲಿ. ಸೆಕೆಂಡ್‌ಹ್ಯಾಂಡು ನೋಡಿದ, ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಕಂಡು ವಾಪಸು ಕೊಟ್ಟ. ಕ್ಯಾಮೆರಾ ಅಂಗಡಿಯ ಹುಡುಗಿ ಬೀದಿ ತಿರುವಿನಲ್ಲಿ ಹಲಗೆ ಕಂಡ ಕೂಡಲೇ ಊಟಕ್ಕೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಳು.

ಇತ್ತ ಹೆಂಡತಿ ಅವನನ್ನು ಕಾಯುತ್ತಾ ಕೂರಲಿಲ್ಲ. ಸೀಳಿದ ಫೋನಿನಲ್ಲೇ ತೆಗೆದಳು. ಮಗಳು, ತಾನು, ಎದುರುಮನೆಯವಳು, ಬೆಳಗ್ಗೆ ಬ್ರೆಡ್ಡು ತರುವವನು, ಬಚ್ಚಲ ಬಾಗಿಲು, ಒಲೆ, ಮಾತ್ರೆಯ ಡಬ್ಬಿ. ಎಲ್ಲದರ ಮೂಲೆಯಲ್ಲೂ ಆ ಹೊಗೆ. ಪ್ರಿಂಟು ಹಾಕಿಸಿ, ಆಲ್ಬಮ್ಮಿಗೆ ಅಂಟಿಸಿ, ಅತ್ತೆಯ ಪಕ್ಕ ಕೂತು ಸಂಜೆ ಸಂಜೆ ಹೆಸರು ಹೇಳಿಸಿದಳು. ಮುದುಕಿ ಪುಟ ತಿರುವುತ್ತಾ, ಈ ಗಾಜು ಉಜ್ಜಿದ ಕಳ್ಳ ಯಾರು, ಕೂಲಿ ಕೊಡಬೇಡಿ ಅವನಿಗೆ ಎಂದು ಬೈಯುತ್ತಿದ್ದಳು. ಬೈದರೂ ಹೆಸರು ಹೇಳುತ್ತಿದ್ದಳು. ಎದುರುಮನೆಯವಳನ್ನು ಮತ್ತೆ ಒಳಗೆ ಕರೆದು ಕೂರಿಸಿದಳು, ಬಚ್ಚಲಿಗೆ ಒಬ್ಬಳೇ ಹೋಗಿ ಬಂದಳು. ನಡುನಡುವೆ, ಮಗ ಎಲ್ಲಿ ಎಂದು ಕೇಳುವಳು. ಕ್ಯಾಮೆರಾ ತರೋಕೆ ಹೋಗಿದ್ದಾರೆ ಅತ್ತೆ ಎಂದು ಸೊಸೆ ಹೇಳುವಳು. ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ.

ಒಂದು ಭಾನುವಾರ ಹೆಂಡತಿ ಅವನ ಎದುರಿಗೂ ಫೋನು ಹಿಡಿದಳು. ಅವನು ಅಂಗೈ ಅಡ್ಡ ಹಿಡಿದ.

"ನನ್ನ ಪುಟ ಖಾಲಿ ಬಿಡು. ನಂದು ಹೊಸ ಕ್ಯಾಮೆರಾದಲ್ಲೇ ಆಗ್ಲಿ. ಅಮ್ಮ ನನ್ನನ್ನ ಸ್ಪಷ್ಟವಾಗಿ ನೋಡ್ಬೇಕು."

ಖಾಲಿ ಬಿಟ್ಟಳು. ಮೊದಲನೆಯ ಪುಟವೇ ಅದು, ಮಗನಲ್ಲವೇ, ಮರ್ಯಾದೆಯ ಜಾಗ. ಮುದುಕಿ ದಿನಾ ಆ ಬಿಳೀ ಹಾಳೆಯನ್ನು ಸವರಿ ಎರಡನೆಯದಕ್ಕೆ ತಿರುಗಿಸುತ್ತಿದ್ದಳು.

ಸೂಚನೆ ಸಿಗಲಿಲ್ಲವೆಂದು ಅವನು ಹೇಳುವಂತಿಲ್ಲ. ಒಂದು ಸಂಜೆ ಬಾಗಿಲು ತೆರೆದ ತಾಯಿ, "ತಮ್ಮಾ, ಯಾವಾಗ ಬಂದೆ?" ಎಂದು ಅವನ ಕೆನ್ನೆ ಮುಟ್ಟಿದಳು. ಅವಳ ಆ ತಮ್ಮ, ಇವನ ಸೋದರಮಾವ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಇವನು ನಕ್ಕ. ಅವತ್ತು ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿ ಅವನನ್ನು ತರಾಟೆಗೆ ತೆಗೆದುಕೊಂಡಳು.

"ರೀ, ನಿಮಗೆ ಅಮ್ಮನ ಚಿಂತೆಯೋ, ಅಕ್ಷರದ ಚಿಂತೆಯೋ?"

ಜೀವಮಾನವಿಡೀ ಊರವರಿಗೆಲ್ಲ ಒಂದೋ ಎರಡೋ ಎಂದು ಕೇಳಿದವನಿಗೆ ಯಾರೋ ತಿರುಗಿ ಕೇಳಿದ್ದು ಅದೇ ಮೊದಲು. ಉತ್ತರದ ಬದಲು ಬಂದಿದ್ದು ವಿವರಣೆ: ಮುಂದಿನ ವಾರ ರಿಯಾಯಿತಿ ಇದೆಯಂತೆ, ಇಷ್ಟು ಕಾದಿದ್ದೇವೆ, ಇನ್ನೊಂದು ವಾರಕ್ಕೆ ಗಂಟೇನು ಹೋಗುತ್ತೆ?

ರಿಯಾಯಿತಿ ಬಂತು, ಕ್ಯಾಮೆರಾವೂ ಬಂತು. ಒಪ್ಪಬೇಕಾದ್ದೇ, ಚಿನ್ನದಂಥ ಆಯ್ಕೆ. ಅಂಗೈಯಗಲ, ಹಗುರ, ಅಗ್ಗ, ಬಿಸಿಲಲ್ಲೂ ಟ್ಯೂಬ್‌ಲೈಟಲ್ಲೂ ಕೊನೆಯ ಸಾಲು ಗಡಗಡ ಓದುತ್ತಿತ್ತು. ಅಂಗಡಿಯ ಹುಡುಗಿ ರಶೀದಿ ಹರಿಯುವಾಗ ನಿಟ್ಟುಸಿರು ಬಿಟ್ಟಿದ್ದು ಬೀದಿಯವರೆಗೂ ಕೇಳಿಸಿತಂತೆ. ಹೆಂಡತಿಯ ಕೈಗೆ ಕ್ಯಾಮೆರಾ ಕೊಟ್ಟು, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತ. ಒಂದಲ್ಲ, ಹಲವು ತೆಗೆಸಿದ. ಅದರಲ್ಲಿ ಯಾವುದು ಚೆನ್ನಾಗಿದೆ ಎಂದು ಆರಿಸಲು ಮತ್ತೆರಡು ದಿನ ಹಿಡಿಯಿತೆಂದು ಬೇರೆ ಹೇಳಬೇಕೇ?

ಕಡೆಗೂ ಪ್ರಿಂಟು ಹಾಕಿಸಿ, ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸಿ, ಸಂಜೆ ತಾಯಿಯ ಪಕ್ಕ ಕೂತ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮುದುಕಿ ಪುಟವನ್ನು ಬೆಳಕಿಗೆ ಓರೆ ಮಾಡಿ ಹಿಡಿದಳು, ಹಿಂದೆ ಗಾಜು ಪರೀಕ್ಷೆ ಮಾಡುತ್ತಿದ್ದ ಹಾಗೇ. ಬೆರಳಿನಿಂದ ಹುಬ್ಬು ಸವರಿದಳು, ಗಡ್ಡದ ಬಿಳಿಕೂದಲು ಸವರಿದಳು.

"ಗಾಜು ಅಂದ್ರೆ ಇದು," ಅಂದಳು. "ಒಂದು ಗೀರಿಲ್ಲ."

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, ಯಾರು ಹೇಳಮ್ಮ ಎಂದು ಕೇಳಿದ.

ಮುದುಕಿ ಫೋಟೋ ನೋಡಿದಳು. ಅವನ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು.

"ಗೊತ್ತಾಗ್ಲಿಲ್ಲ. ನಿಮಗೆ ಬೇಕಾದವರಾ?"

ನೀವು ಎಂದು ಯಾರನ್ನು ಕರೆದಳೆಂದು ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಹೂಂ ಅಂದ, ಬೇಕಾದವನೇ ಅಂದ. ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿ, ಅಷ್ಟು ಸ್ಪಷ್ಟವಾದ ಫೋಟೋ ಅವನಿಗೇ ಕಾಣದಾಯಿತು.

ತಾಯಿಗೆ ಅಳುವ ಗಂಡಸನ್ನು ಕಂಡು ಕನಿಕರವಾಯಿತು. ಅಪರಿಚಿತರ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು. ಅವನ ಕೈಮೇಲೆ ಕೈಯಿಟ್ಟು ಸಮಾಧಾನ ಮಾಡಿದಳು.

"ಸ್ವಲ್ಪ ಕೂತಿರಿ, ಕಾಫಿ ಕುಡ್ಕೊಂಡು ಹೋಗಿ. ನನ್ನ ಮಗ ಕ್ಯಾಮೆರಾ ತರೋಕೆ ಹೋಗಿದ್ದಾನೆ. ಇನ್ನೇನು ಬಂದುಬಿಡ್ತಾನೆ."