ಅಂಗಳದ ಎಣ್ಣೆ ಕಲೆ

ವಿನೋದನ ಬೈಕು ನಿಂತಲ್ಲೆಲ್ಲ ಎಣ್ಣೆ ಸುರಿಸುತ್ತಿತ್ತು. ಅವನು ಕಲಿಸುವ ಅರಕೇರಾದ ಶಾಲೆಯ ಬೇವಿನ ಮರದ ಕೆಳಗೆ ಒಂದು ಕಪ್ಪು ಕಲೆ, ದೇವದುರ್ಗದ ಬಾಡಿಗೆ ಮನೆಯ ಅಂಗಳದಲ್ಲಿ ಅಂಗೈ ಅಗಲದ ಇನ್ನೊಂದು. ನಿವೃತ್ತರಾದ ಮಾಸ್ತರರೊಬ್ಬರಿಂದ ಕೊಂಡ ಇಪ್ಪತ್ತೆರಡು ವರ್ಷದ ಹಳೆಯ ಗಾಡಿ. ಓಡುವುದರಲ್ಲಿ ತಕರಾರಿರಲಿಲ್ಲ. ಆದರೆ ಇಂಜಿನ್ನಿನಿಂದ ಜಿನುಗಿದ ಎಣ್ಣೆಗೆ ರಸ್ತೆಯ ಧೂಳು ಮೆತ್ತಿ ಡಾಂಬರಿನಂತೆ ಜಿಗುಟಾಗಿ, ಪ್ಯಾಂಟಿನ ಅಂಚಿಗೆ, ಬೂಟಿಗೆ, ಕೊನೆಗೆ ಬಾಗಿಲ ಚಾಪೆಗೂ ಹತ್ತುತ್ತಿತ್ತು. ಸೈಲೆನ್ಸರ್ ಮೇಲೆ ಬಿದ್ದು ಸುಟ್ಟ ಎಣ್ಣೆಯ ಕಮಟು ಅವನ ಅಂಗಿ ಬಿಟ್ಟು ಹೋಗುತ್ತಲೇ ಇರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ ಬಂದಂತಾಗಿ ತುತ್ತು ಇಳಿಯುತ್ತಿರಲಿಲ್ಲ.

ಮನೆಯ ಮಾಲೀಕ ವಿರೂಪಣ್ಣ ಮೇಲಿನ ಮಹಡಿಯಲ್ಲಿದ್ದರು. ಮಾನ್ವಿಯಲ್ಲಿ ಅವರದೊಂದು ಅಕ್ಕಿ ಗಿರಣಿ. ಈಗ ಮಗ ನೋಡಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಧೋತರ, ಹಣೆಗೆ ವಿಭೂತಿ, ಮೆಲುಮಾತು. ವಿನೋದ ಹೆಂಡತಿ ಶಶಿಕಲಾಳೊಂದಿಗೆ ಬಂದು ಇಳಿದ ಮೂರನೇ ವಾರ ಅವರು ಅಂಗಳಕ್ಕೆ ಬಂದು, ಕಲೆಯಿಂದ ಮಾರು ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತರು.

"ಏನ್ರಿ ಮಾಸ್ತರ, ಇದೆಂಥಾ ಹೊಲಸು? ನಾವು ದಿನಾ ಪೂಜಿ ಮಾಡೋ ಮಂದಿ. ಅಂಗಳ ಹಿಂಗಿದ್ರ ಹೆಂಗ?"

"ತಪ್ಪಾತ್ರಿ. ಈ ವಾರದಾಗ ರಿಪೇರಿ ಮಾಡಸ್ತೀನಿ," ಎಂದ ವಿನೋದ.

ಮರುದಿನದಿಂದ ವಿರೂಪಣ್ಣನ ಹೆಂಡತಿ ಸೂಗಮ್ಮ ಬೆಳಿಗ್ಗೆ ಎದ್ದವರೇ ಕಲೆಯ ಮೇಲೆ ಭತ್ತದ ಹೊಟ್ಟು ಚೆಲ್ಲಿ, ಗುಡಿಸಿ, ಸಗಣಿ ನೀರು ಹಾಕತೊಡಗಿದರು. ಆ ಪೊರಕೆಯ ಸದ್ದಿಗೆ ವಿನೋದನಿಗೆ ಹಾಸಿಗೆಯಲ್ಲೇ ಮೈ ಹಿಡಿಯಷ್ಟಾಗುತ್ತಿತ್ತು. ವಯಸ್ಸಾದ ಹೆಂಗಸು ತನ್ನ ಗಲೀಜು ಬಳಿಯುತ್ತಿದ್ದಾಳಲ್ಲ ಎಂದು ನಾಚಿಕೆ.

ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿದ್ದ ನಿಂಗರಾಜನ ಬಳಿ ಗಾಡಿ ಮೂರು ಸಲ ಹೋಯಿತು. ಮೊದಲ ಸಲ ಆತ ಇಂಜಿನ್ ಮುಚ್ಚಳದ ಸಂದಿಯ ಗ್ಯಾಸ್ಕೆಟ್ ಬದಲಿಸಿದ. ಎರಡನೇ ಸಲ ಆಯಿಲ್ ಸೀಲ್. ಮೂರನೇ ಸಲ ಬಾಯಿ ತುಂಬ ಗುಟ್ಕಾ ಇಟ್ಟುಕೊಂಡೇ, ಇಂಜಿನ್ನಿನ ಸುತ್ತ ಬೂದು ಪೇಸ್ಟನ್ನು ಬೆರಳಿನಿಂದ ಮೆತ್ತಿ, ಬೆರಳನ್ನು ಸೀಟಿಗೆ ಒರೆಸಿದ.

"ಹಳೇ ಗಾಡಿ ಬೆವರ್ತದ್ರಿ ಸರ. ಅದಕ್ಕೇನ್ ಮಾಡಾಕ ಬರ್ತದ?" ಎಂದು ಪಕ್ಕಕ್ಕೆ ಉಗುಳಿದ. ಉಗುಳು ಮುಂದಿನ ಚಕ್ರಕ್ಕೆ ಸಿಡಿಯಿತು. ಎರಡೇ ದಿನಕ್ಕೆ ಅಂಗಳದ ಕಲೆ ಮತ್ತೆ ಹಸಿಯಾಯಿತು.

ಎರಡನೇ ಶನಿವಾರ ಅವನು ಗಾಡಿಯನ್ನು ರಾಯಚೂರಿಗೇ ಒಯ್ದ. ತೀನ್ ಕಂದೀಲ್ ಹತ್ತಿರದ ಸಂದಿಯಲ್ಲಿ ಅಮೀರ್ ಸಾಬ್ ನಲವತ್ತು ವರ್ಷದಿಂದ ಹಳೆಯ ಗಾಡಿಗಳನ್ನಷ್ಟೇ ಬಿಚ್ಚುತ್ತಿದ್ದರು. ಅವರು ಮೊದಲು ಸೀಮೆಎಣ್ಣೆಯಲ್ಲಿ ಇಂಜಿನ್ ತೊಳೆದರು, ಆಮೇಲೆ ಮಗ್ಗುಲಿನ ಮುಚ್ಚಳ ತೆಗೆದರು. ಒಳಗಿನ ಅಂಚಿನಲ್ಲಿ ಪೇಸ್ಟು ಪದರು ಪದರಾಗಿ ಕೂತಿತ್ತು. ಅದರೊಳಗೆ ಮರಳು, ಕೂದಲು, ಗುಟ್ಕಾ ಚೀಟಿಯ ಹರಕು. ಬ್ಲೇಡಿನಿಂದ ಕೆರೆದು ತೆಗೆದದ್ದನ್ನು ಅವರು ಕಾಗದದ ಮೇಲೆ ಇಟ್ಟಾಗ ಸತ್ತ ಪ್ರಾಣಿಯ ಚರ್ಮ ಸುಲಿದಂತಿತ್ತು.

"ಥೂ! ಇದೇನ್ ಕೆಲ್ಸಾನ್ರಿ?" ಎಂದರು ಅಮೀರ್ ಸಾಬ್. ಆಮೇಲೆ ಇಂಜಿನ್ನಿನ ಮೇಲಿಂದ ಹೊರಟ ಸಣ್ಣ ರಬ್ಬರ್ ಪೈಪನ್ನು ಎಳೆದು ನೋಡಿದರು. ಅದರ ಬಾಯಿಗೆ ಹಿಂದೆ ಯಾರೋ ಬಟ್ಟೆ ಸುತ್ತಿದ ಕಟ್ಟಿಗೆ ಚೂರೊಂದನ್ನು ಬಡಿದಿದ್ದರು.

"ಸಿಕ್ತು ನೋಡ್ರಿ ಮಾಸ್ತರ. ಇಂಜಿನ್ ಒಳಗಿನ ಬಿಸಿ ಗಾಳಿ ಹೊರಗ ಹೋಗಾಕ ಈ ಪೈಪ್ ಇರ್ತದ. ಇಲ್ಲಿಂದ ಹೊಗಿ ಬರ್ತದಂತ ಯಾವನೋ ಬಂದ್ ಮಾಡ್ಯಾನ. ಗಾಳಿ ಎಲ್ಲಿ ಹೋಗ್ಬೇಕು? ಎಲ್ಲಿ ಸಡ್ಲ ಅದನೋ ಅಲ್ಲಿಂದ ಎಣ್ಣಿ ದೂಡಾಕತ್ತದ. ನೀವು ನೂರು ಗ್ಯಾಸ್ಕೆಟ್ ಹಾಕಿದ್ರೂ ಅಷ್ಟೇ."

ಸಂಜೆಯ ಹೊತ್ತಿಗೆ ಹೊಸ ಪೈಪು, ಹೊಸ ಗ್ಯಾಸ್ಕೆಟ್ ಬಿದ್ದು ಗಾಡಿ ತಯಾರಾಯಿತು. ಗಬ್ಬೂರಿನಲ್ಲಿ ಚಹಾಕ್ಕೆ ನಿಲ್ಲಿಸಿ ವಿನೋದ ಬಗ್ಗಿ ಇಂಜಿನ್ನಿನ ಕೆಳಗೆ ಬೆರಳಾಡಿಸಿದ. ಬೆರಳಿಗೆ ಬರೀ ಧೂಳು. ಮನೆಗೆ ಬಂದು ಗಾಡಿಯ ಕೆಳಗೆ ಬಿಳಿ ಹಾಳೆ ಹಾಸಿದ. ಬೆಳಿಗ್ಗೆ ಹಾಳೆ ಹಾಸಿದಂತೆಯೇ ಇತ್ತು. ನಾಲ್ಕು ದಿನ ಹಾಳೆ ಬದಲಿಸಿ ನೋಡಿದ; ಒಂದು ಹನಿಯೂ ಇಲ್ಲ.

ಆದರೆ ಪೊರಕೆಯ ಸದ್ದು ನಿಲ್ಲಲಿಲ್ಲ. ಐದನೇ ದಿನ ಅವನು ಹೊರಗೆ ಬಂದು ನೋಡಿದರೆ ಸೂಗಮ್ಮ ಬಕೆಟ್ಟಿನಿಂದ ಸಗಣಿ ನೀರು ಹಾಕುತ್ತಿದ್ದರು. ಗಾಡಿ ನಿಂತ ಜಾಗಕ್ಕಷ್ಟೇ ಅಲ್ಲ; ಅವನ ಬಾಗಿಲಿನಿಂದ ಗೇಟಿನವರೆಗೆ, ಅವನೂ ಶಶಿಕಲಾಳೂ ನಡೆಯುವ ದಾರಿಯುದ್ದಕ್ಕೂ.

"ಯವ್ವಾ, ಈಗ ಎಣ್ಣಿ ಬಿದ್ದಿಲ್ಲಲ್ರಿ. ಗಾಡಿ ರಿಪೇರಿ ಆಗ್ಯದ."

ಸೂಗಮ್ಮ ತಲೆ ಎತ್ತಲಿಲ್ಲ. "ಎಣ್ಣಿ ಸಲುವಾಗಿ ಅಲ್ಲ ತಮ್ಮಾ. ಯಜಮಾನ್ರು ಹಾಕು ಅಂದಾರ, ಹಾಕಾಕತ್ತೀನಿ."

ವಿನೋದ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಆಸ್ಪತ್ರೆಯ ಡ್ಯೂಟಿಗೆ ಹೊರಡಲು ಜಡೆ ಹೆಣೆಯುತ್ತಿದ್ದ ಶಶಿಕಲಾ ಅವನ ಮುಖ ನೋಡಿದಳು.

"ಈಗ ತಿಳೀತೇನು?" ಎಂದಳು. "ಪೋತ್ನಾಳದಿಂದ ಅತ್ತಿ ಬಂದಿದ್ರಲ್ಲ, ಆವತ್ತು ಸೂಗಮ್ಮ, ಊರಾಗ ನಿಮ್ದು ಯಾವ ಓಣಿ ಅಂತ ಕೇಳಿದ್ಲು. ಅತ್ತಿ ಇದ್ದದ್ದು ಇದ್ದಂಗ ಹೇಳಿದ್ರು. ಮರುದಿನಾನೇ ನಿನ್ನ ಎಣ್ಣಿ ಅವರ ಕಣ್ಣಿಗಿ ಬಿತ್ತು. ನಾ ಕರಿಬೇವು ಕೇಳಿದ್ರ ಕೈ ತಾಗಬಾರದಂತ ಮ್ಯಾಲಿಂದ ಉದರಸ್ತಾಳ. ನೀ ಗ್ಯಾಸ್ಕೆಟ್ ನೋಡಾಕತ್ತಿದ್ದಿ, ನಾ ಆಕಿ ಕೈ ನೋಡಾಕತ್ತಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ಎಣ್ಣಿ ನಿಂತ್ರ ಎಲ್ಲಾ ಸರಿ ಹೋಗ್ತದಂತ ನಂಬಿದ್ದಿ. ಹೆಂಗ ಹೇಳ್ಲಿ?"

ಅವನಿಗೆ ವಿರೂಪಣ್ಣನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಮೇಲೆಯೇ ಬಂತು. ಬಾಬಾಸಾಹೇಬರ ಫೋಟೋದ ಕೆಳಗೆ ಕೂತು ಮಕ್ಕಳ ನೋಟುಪುಸ್ತಕ ತಿದ್ದುವವನು, ಆ ಮನುಷ್ಯನ ಕಣ್ಣಲ್ಲಿ ಶುದ್ಧನಾಗಲು ಒಂದೂವರೆ ತಿಂಗಳು ಹೆಣಗಿದ್ದ. ಹಾಳೆಯ ಮೇಲೆ ಕಲೆ ಕಾಣದಿದ್ದಾಗ ಅದನ್ನು ಎತ್ತಿ ಹಿಡಿದು ಮಹಡಿಯತ್ತ ನೋಡಿದ್ದ, ಯಾರಾದರೂ ಭೇಷ್ ಅನ್ನಲಿ ಎಂದು.

ಅದೇ ವಾರ ಅರಕೇರಾದಲ್ಲಿ, ಶಾಲೆಯ ಹತ್ತಿರವೇ, ಜೊತೆಯ ಮಾಸ್ತರ ಸಂಜೀವ ತೋರಿಸಿದ ಎರಡು ಕೋಣೆಯ ಮನೆ ಗೊತ್ತಾಯಿತು. ಶಶಿಕಲಾ ದೇವದುರ್ಗದ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಲು ಒಪ್ಪಿದಳು. ಭಾನುವಾರ ಬೆಳಿಗ್ಗೆ ಸಾಮಾನು ಟಂಟಂ ಆಟೋಕ್ಕೆ ಏರುತ್ತಿದ್ದಾಗ ವಿರೂಪಣ್ಣ ಇಳಿದು ಬಂದರು. ಅದೇ ಮಾರು ದೂರ.

"ಯಾಕ್ರಿ ಮಾಸ್ತರ, ಎಣ್ಣಿ ಬಂದ್ ಆತಂತಲ್ಲ? ಮತ್ಯಾಕ ಮನಿ ಬಿಡ್ತೀರಿ?"

ಎದುರು ಮನೆಯವರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ವಿನೋದ ಅವರಿಗೂ ಕೇಳುವಂತೆ ಹೇಳಿದ:

"ನನ್ನ ಗಾಡಿ ರಿಪೇರಿ ಆತು ಯಜಮಾನ್ರ. ನಾವು ನಡದ ನೆಲಕ್ಕ ನೀವು ಸಗಣಿ ನೀರು ಹಾಕಸ್ತೀರಿ. ದಲಿತರು ಅಂತ ತಿಳಿದ ದಿನದಿಂದ ಹಾಕಸ್ತೀರಿ. ನನಗ ನಿಮ್ಮ ಅಂಗಳ ನೋಡಿದ್ರ ಹೇಸಿಗಿ ಬರಾಕತ್ತದ. ಅದಕ್ಕ ಹೊಂಟೀನಿ."

ಎದುರಿನ ಪೇಪರು ಕೆಳಗಿಳಿಯಿತು. ವಿರೂಪಣ್ಣನ ಮುಖ ಕೆಂಪಾಯಿತು. ಓಣಿಯ ಆಚೆ ಈಚೆ ನೋಡಿ, "ಮೆಲ್ಲಗ ಮಾತಾಡ್ರಿ ಮಾಸ್ತರ, ಮಂದಿ ಕೇಳ್ತಾರ," ಎಂದರು.

"ಕೇಳ್ಲಿ ಬಿಡ್ರಿ," ಎಂದಳು ಶಶಿಕಲಾ, ಬೈಕಿನ ಹಿಂದೆ ಕೂರುತ್ತ.

ವಿನೋದ ಗಾಡಿಗೆ ಕಿಕ್ ಹೊಡೆದ. ಊರಾಚೆಯ ಹೊಟೇಲಿನ ಮುಂದೆ ಅವನು ಗಾಡಿ ನಿಲ್ಲಿಸಿ, ನಲ್ಲಿಯ ಬಳಿ ಹೋಗಿ ಬೂಟು ಕಳಚಿ, ತಳಕ್ಕೆ ಅಂಟಿದ್ದ ಆ ಅಂಗಳದ ಸಗಣಿಯನ್ನು ಕಡ್ಡಿಯಿಂದ ಕೆರೆದು ಕೆರೆದು ತೊಳೆದ. ಶಶಿಕಲಾ ಕಾದು ನಿಂತಳು. ತೊಳೆದಾದ ಮೇಲೂ ಅವನಿಗೆ ಚಹಾ ಕುಡಿಯಲಾಗಲಿಲ್ಲ.