ಪ್ರತಿಭಾ ನುಡಿಸಿದ ಸೋಬಾನೆ

ಶಶಿಕುಮಾರನ ಆರ್ಕೆಸ್ಟ್ರಾದಲ್ಲಿ ಪ್ರತಿಭಾ ಹನ್ನೊಂದು ವರ್ಷ ಗಿಟಾರ್ ನುಡಿಸಿದಳು. ವಾರವಿಡೀ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂರುವುದು, ಮದುವೆಯ ದಿನಗಳಲ್ಲಿ ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು ಗಾಯಕರಿಗೆ ಕಾರ್ಡ್, ಅಂದರೆ ಒಟ್ಟಿಗೆ ಮಿಡಿಯುವ ಸ್ವರಗಳ ಗೊಂಚಲು, ಹಿಡಿಯುವುದು. ಅಷ್ಟು ವರ್ಷಗಳಲ್ಲಿ ಅವಳ ಹೆಸರು ಒಮ್ಮೆಯೂ ಮೈಕಿನಲ್ಲಿ ಬರಲಿಲ್ಲ. ಗಾಯಕರು, ಕೀಬೋರ್ಡಿನವನು, ಡ್ರಮ್ಸಿನವನು ಎಲ್ಲರನ್ನೂ ಹೆಸರು ಹಿಡಿದು ಕರೆದು ಚಪ್ಪಾಳೆ ಹೊಡೆಸುತ್ತಿದ್ದ ಶಶಿಕುಮಾರ್, ಅವಳ ಸರದಿ ಬಂದಾಗ "ಮತ್ತು ನಮ್ಮ ತಂಡದವರು" ಎಂದು ಮುಗಿಸಿಬಿಡುತ್ತಿದ್ದ.

ಹೊಳೆನರಸೀಪುರದಲ್ಲಿ ಒಂದು ಷಷ್ಟ್ಯಬ್ದಿಗೆ ಹೋದಾಗ, ಊಟದ ಬಿಡುವಿನಲ್ಲಿ ಮುದುಕರೊಬ್ಬರು ಅವಳ ಬಳಿ ಬಂದರು. "ಆ ಗಿಟಾರ್ ಒಂದು ನಿಮಿಷ ಕೊಡ್ತೀಯೇನಮ್ಮ?" ಎಂದರು. ಹೆಸರು ಚನ್ನಕೇಶವ, ಎಪ್ಪತ್ತನಾಲ್ಕು ವರ್ಷ. ಒಂದು ಕಾಲಕ್ಕೆ ಬೆಂಗಳೂರಿನ ಹೋಟೆಲೊಂದರ ಬ್ಯಾಂಡಿನಲ್ಲಿ ಜಾಜ್ ನುಡಿಸುತ್ತಿದ್ದವರು. ಅವರು ಕುರ್ಚಿಯ ತುದಿಯಲ್ಲಿ ಕೂತು ಒಂದು ನಿಧಾನದ ಧಾಟಿ ಎತ್ತಿಕೊಂಡರು. ಹಾಡು ಮೇಲಿನ ತಂತಿಯಲ್ಲಿ ನಡೆಯುತ್ತಿತ್ತು; ಅದರ ಕೆಳಗೆ, ಅದೇ ಬೆರಳೇಟಿನಲ್ಲಿ, ಕಾರ್ಡುಗಳು ಒಂದರೊಳಗೊಂದು ಕರಗುತ್ತ ಬದಲಾಗುತ್ತಿದ್ದವು. ಹಾಡುವವರೂ ಬೇಡ, ಹಿಂದೆ ನಿಲ್ಲುವವರೂ ಬೇಡ. ಪ್ರತಿಭಾ ಊಟಕ್ಕೆ ಏಳಲಿಲ್ಲ.

"ಇದುಕ್ಕೆ ಏನಂತಾರೆ ಸಾ?"

"ಕಾರ್ಡ್ ಸೋಲೊ. ಒಬ್ಬರೇ ಎಲ್ಲಾ ಹೊತ್ಕೊಂಡು ಹೋಗೋದು."

"ನಂಗೆ ಯೇಳ್ಕೊಡ್ತೀರಾ?"

ಆ ಭಾನುವಾರದಿಂದಲೇ ಅವಳು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊಳೆನರಸೀಪುರಕ್ಕೆ ಹೋಗತೊಡಗಿದಳು. ಕಲಿತದ್ದನ್ನೆಲ್ಲ ಮೊದಲು ಮರೆಯಬೇಕಾಯಿತು. ಆರೂ ತಂತಿಯನ್ನು ಒಟ್ಟಿಗೆ ಬಾರಿಸುವ ಚಟ ಬಿಡಿಸಲು ಚನ್ನಕೇಶವರಿಗೆ ಎರಡು ತಿಂಗಳು ಹಿಡಿಯಿತು. ನಾಲ್ಕೇ ತಂತಿ, ಒಂದೊಂದು ಕಾರ್ಡಿಗೂ ನಾಲ್ಕು ರೂಪ. ಹಾಡಿನ ಸ್ವರ ಯಾವುದೋ, ಅದು ಎಲ್ಲಕ್ಕಿಂತ ಮೇಲಿರುವ ರೂಪವನ್ನೇ ಆರಿಸಬೇಕು.

"ಮೂಲ ಸ್ವರವನ್ನ ಯಾಕೆ ಅಷ್ಟು ಗಟ್ಟಿಯಾಗಿ ಹಿಡ್ಕೋತೀಯ?" ಎಂದು ಅವರು ಗದರುತ್ತಿದ್ದರು. "ಬಿಟ್ಬಿಡು. ಕೇಳೋರ ಕಿವಿ ಅದನ್ನ ತಾನೇ ತುಂಬ್ಕೊಳ್ಳುತ್ತೆ. ನಿನ್ನ ಬೆರಳು ಹಾಡಿಗೆ ಬೇಕು."

ಕಿರುಬೆರಳು ಊದಿಕೊಳ್ಳುತ್ತಿತ್ತು. ಜೆರಾಕ್ಸ್ ಯಂತ್ರ ಸದ್ದು ಮಾಡುತ್ತಿರುವಾಗಲೂ ಅವಳ ಎಡಗೈ ಗಲ್ಲಾಪೆಟ್ಟಿಗೆಯ ಅಂಚಿನ ಮೇಲೆ ಕಾರ್ಡು ಹುಡುಕುತ್ತಿತ್ತು. ಯಾವ ಹಾಡು ನುಡಿಸುತ್ತೀ ಎಂದು ಮೇಷ್ಟ್ರು ಕೇಳಿದಾಗ ಅವಳು ತನ್ನ ತಾಯಿ ಜಯಲಕ್ಷ್ಮಮ್ಮ ಮದುವೆಮನೆಗಳಲ್ಲಿ ಹೇಳುವ ಸೋಬಾನೆಯೊಂದನ್ನು ಗುನುಗಿದಳು. ಐದೇ ಸ್ವರ, ಸುತ್ತಿ ಸುತ್ತಿ ಅದೇ ಸಾಲು. ಚನ್ನಕೇಶವರು ಕಣ್ಣು ಮುಚ್ಚಿ ಕೇಳಿದರು. "ಸಾಲು ಬದಲಾಗೋದು ಬೇಡ. ಪ್ರತಿ ಸುತ್ತಿಗೂ ಕೆಳಗಿನ ನೆಲ, ಆ ಕಾರ್ಡುಗಳನ್ನ, ಬದಲಾಯಿಸು," ಎಂದರು. ಮೊದಲ ಸುತ್ತು ನಗುವಂತೆ, ಎರಡನೆಯದು ಮಗಳನ್ನು ಕಳಿಸಿಕೊಡುವಂತೆ, ಮೂರನೆಯದಕ್ಕೆ ಅವಳಿಗೂ ಹೆಸರಿಡಲಾಗದ ಒಂದು ಬಣ್ಣ. ಹದಿನಾಲ್ಕು ತಿಂಗಳಾಯಿತು.

ಶಶಿಕುಮಾರನ ಬಳಿ ಅವಳು ವೇದಿಕೆಯಲ್ಲಿ ಒಬ್ಬಳೇ ನುಡಿಸಲು ಮೂರೇ ಮೂರು ನಿಮಿಷ ಕೇಳಿದಳು.

"ಯಾರ್ ಕೇಳ್ತಾರೆ ಪ್ರತಿಭಾ ಅದ್ನ?" ಎಂದ ಅವನು. "ಜನುಕ್ಕೆ ಡ್ಯಾನ್ಸ್ ಬೇಕು. ಎಣ್ಮಕ್ಳು ಒಬ್ರೇ ಕುಂತ್ಕೊಂಡು ಟಿಂಗ್ ಟಿಂಗ್ ಅಂದ್ರೆ ನಿದ್ದೆ ಓಯ್ತಾರೆ. ಇರ್ಲಿ, ರೆಕಾರ್ಡ್ ಮಾಡಿ ಕಳ್ಸು, ನೋಡಾನ."

ಅವಳು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಗಿಟಾರನ್ನು ಸಣ್ಣ ಸ್ಪೀಕರಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು. ಉತ್ತರ ಬರಲಿಲ್ಲ. ಮುಂದಿನ ವಾರ ಹಾಸನದ ಕಾರ್ಯಕ್ರಮಕ್ಕೆ ಗಿಟಾರ್ ಬೇಕಿಲ್ಲ ಎಂಬ ಸಂದೇಶ ಮಾತ್ರ ಬಂತು.

ಆದರೆ ಆ ಹಾಸನದ ಮದುವೆ ಶಾಂತಿಗ್ರಾಮದ ಅವಳ ಗೆಳತಿ ದೀಪಶ್ರೀಯ ತಂಗಿಯದು. ಪ್ರತಿಭಾ ತಾಯಿಯನ್ನು ಕರೆದುಕೊಂಡು ಆರತಕ್ಷತೆಗೆ ಹೋದಳು. ಊಟ ಮುಗಿಸಿ ಮೇಲೆ ಬಂದು ಕೂತಾಗ ಶಶಿಕುಮಾರ್ ಮೈಕ್ ಹಿಡಿದಿದ್ದ.

"ಈಗ ಒಂದು ಹೊಸ ಪ್ರಯೋಗ! ನಮ್ಮ ನೆಲದ ಸೋಬಾನೆ, ಜಾಜ್ ಶೈಲಿಯಲ್ಲಿ! ಗಿಟಾರಿನಲ್ಲಿ ರವೀಂದ್ರ!"

ರವೀಂದ್ರ ಅವನ ಬಾಮೈದ. ಹಾಸನದಲ್ಲೇ ಮೊಬೈಲ್ ಅಂಗಡಿ ಇಟ್ಟವನು. ಕೆಂಪು ಗಿಟಾರ್ ತಗುಲಿಸಿಕೊಂಡು ಮುಂದೆ ಬಂದು, ತಲೆ ಬಾಗಿಸಿ, ಬೆರಳಾಡಿಸತೊಡಗಿದ. ಸೋಬಾನೆ ಸ್ಪೀಕರುಗಳಿಂದ ಹರಿದು ಬಂತು. ಮೊದಲ ಸುತ್ತಿನಲ್ಲಿ ಪ್ರತಿಭಾ ಬೆರಗಾದಳು, ಇವನು ಯಾವಾಗ ಕಲಿತ ಎಂದು. ಎರಡನೇ ಸುತ್ತಿನಲ್ಲಿ ಬೆರಳು ಜಾರಿ ತಂತಿ ಕಿರ್ ಎಂದಿತು. ಆ ಸದ್ದು ಅವಳಿಗೆ ಗೊತ್ತಿತ್ತು. ಅದು ಅಡುಗೆಮನೆಯಲ್ಲಿ ಜಾರಿದ ಅವಳದೇ ಕಿರುಬೆರಳು.

"ಪ್ರತಿಭಾ, ಇದು ನೀನ್ ನುಡ್ಸಿದ್ದಲ್ವೇನೇ?" ಜಯಲಕ್ಷ್ಮಮ್ಮ ಅವಳ ಮೊಣಕೈ ಹಿಡಿದಳು.

ಪ್ರತಿಭಾ ಎದ್ದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ಸಾಲು ಸಾಲು ಕುರ್ಚಿಗಳನ್ನು ದಾಟಿ, ಪಕ್ಕದ ಮೆಟ್ಟಿಲು ಹತ್ತಿ, ಸೀದಾ ರವೀಂದ್ರನ ಮುಂದೆ ನಿಂತಳು. ಬಗ್ಗಿ ಅವನ ಗಿಟಾರಿನ ವೈರನ್ನು ಕಿತ್ತು ಕೈಯಲ್ಲಿ ಎತ್ತಿ ಹಿಡಿದಳು.

ಸೋಬಾನೆ ನಿಲ್ಲಲಿಲ್ಲ. ವೈರು ಅವಳ ಕೈಯಲ್ಲಿ ತೂಗುತ್ತಿತ್ತು, ರವೀಂದ್ರನ ಬೆರಳುಗಳು ಗಾಳಿಯಲ್ಲಿ ನಿಂತಿದ್ದವು, ಸಂಗೀತ ಮಾತ್ರ ಮೂರನೇ ಸುತ್ತಿಗೆ ತಿರುಗಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಸೌಂಡಿನ ಶಿವರಾಜು ಗಾಬರಿಯಿಂದ ಹಾಡಿನ ರೆಕಾರ್ಡನ್ನು ಆರಿಸಿದ.

"ಏನ್ ಮಾಡ್ತಿದೀಯ? ಮರ್ವಾದೆ ಕಳೀಬೇಡ, ಇಳಿ," ಶಶಿಕುಮಾರ್ ಹಲ್ಲು ಕಚ್ಚಿ ಹೇಳಿದ.

"ಯಾರ್ದು ಮರ್ವಾದೆ? ನಂದು ಕದ್ದು ನಿನ್ ಬಾಮೈದನ್ ಕುತ್ಗೆಗೆ ಕಟ್ದಲ್ಲ, ಅದಾ ಮರ್ವಾದೆ?"

"ನನ್ ಟ್ರೂಪ್‌ನೋರು ನುಡ್ಸಿದ್ದೆಲ್ಲಾ ಟ್ರೂಪಿಂದೇ ಕಣಮ್ಮ. ಯಾರ್ ನುಡ್ಸಿದ್ರೇನು?"

"ಯಾರ್ ನುಡ್ಸಿದ್ರೇನಾ? ಅಂಗಾದ್ರೆ ಅವ್ನ ಎಸ್ರು ಯಾಕೆ ಕೂಗ್ದೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೈಕ್ ತೆಗೆದುಕೊಂಡಳು. ಸಭೆಯ ಕಡೆ ತಿರುಗಿದಳು. "ಈಗ ನೀವ್ ಕೇಳಿದ್ದು ನಾನ್ ನುಡ್ಸಿದ್ದು. ನಮ್ಮನೆ ಅಡ್ಗೆಮನೇಲಿ. ಅದ್ನಾಕು ತಿಂಗ್ಳು ಕಲ್ತು ನುಡ್ಸಿದ್ದು. ನನ್ ಎಸ್ರು ಪ್ರತಿಭಾ."

ಮದುಮಗಳ ತಂದೆ ಗಂಗಯ್ಯ ವೇದಿಕೆಗೆ ಧಾವಿಸಿದರು. "ಏನವ್ವಾ ಇದು, ಮದ್ವೆಮನೇಲಿ ರಂಪ!"

"ತಪ್ಪಾಯ್ತಣ್ಣ. ಒಂದ್ಸಲ ನುಡ್ಸಿ ಇಳೀತೀನಿ. ಇಲ್ದಿದ್ರೆ ನಾನು ಸುಳ್ಳೇಳ್ದೆ ಅಂತಾರೆ."

ರವೀಂದ್ರ ತಾನೇ ಗಿಟಾರ್ ಕಳಚಿ ಕೊಟ್ಟ. "ನಂಗೆ ನಿಮ್ದು ಅಂತ ಗೊತ್ತಿರ್ಲಿಲ್ಲ ಅಕ್ಕ. ನೆಟ್ಟಲ್ಲಿ ಸಿಕ್ತು ಅಂದ್ರು ಭಾವ," ಎಂದ ತಗ್ಗಿದ ದನಿಯಲ್ಲಿ.

ಆ ಗಿಟಾರಿನ ಒಂದು ತಂತಿಗೂ ಶ್ರುತಿ ಇರಲಿಲ್ಲ. ಮುನ್ನೂರು ಜನರ ಮುಂದೆ ಅವಳು ವೈರನ್ನು ಮತ್ತೆ ಸಿಕ್ಕಿಸಿ ಒಂದೊಂದನ್ನೇ ತಿರುವಿ ಕೂಡಿಸಿದಳು. ನುಡಿಸುವಾಗ ಸಿಟ್ಟಿಗೆ ಕೈ ಓಡಿತು. ಎರಡನೇ ಸುತ್ತು ಬೇಗ ಬೇಗ ಉರುಳಿತು, ಒಂದು ಕಾರ್ಡು ತಪ್ಪಿತು. ಮೂರನೇ ಸುತ್ತಿನಲ್ಲಿ ಸಭೆಯ ನಡುವಿನಿಂದ ಜಯಲಕ್ಷ್ಮಮ್ಮ ಕೂತಲ್ಲೇ ಸೋಬಾನೆ ಎತ್ತಿದಳು. ಶಾಂತಿಗ್ರಾಮದ ಹೆಂಗಸರು ದನಿಗೂಡಿಸಿದರು. ಅವರ ನಡೆಗೆ ಸರಿಯಾಗಿ ಪ್ರತಿಭಾ ಕೈ ನಿಧಾನಿಸಬೇಕಾಯಿತು. ಗಂಗಯ್ಯ ಇಳಿದು ಹೋಗಿ ಕೂತರು.

ಹೊರಗೆ ಶಶಿಕುಮಾರ್ ಅವಳ ಹಿಂದೆಯೇ ಬಂದ. "ಮದ್ವೆ ಪಾರ್ಟಿಯೋರ್ಗೆ ಇಷ್ಟ ಆಗೈತೆ. ಆಗಿದ್ದು ಆಯ್ತು. ಮುಂದಿನ್ ಪ್ರೋಗ್ರಾಮಲ್ಲಿ ನಿಂಗೊಂದು ಚಾನ್ಸ್ ಕೊಡ್ತೀನಿ."

ಕದ್ದಾಗ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಮಾತಿಗೆ ಬಂತು. "ನೀನೇನ್ ಕೊಡೋದು?" ಎಂದಳು. ತಾಯಿಯ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆದಳು.

ಭಾನುವಾರ ಎಲ್ಲವನ್ನೂ ಕೇಳಿಸಿಕೊಂಡ ಚನ್ನಕೇಶವರು ಗಿಟಾರನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು: ಬೆಂಗಳೂರಿನಲ್ಲಿದ್ದಾಗ ಅವರು ನುಡಿಸಿದ ಆರು ಧಾಟಿಗಳು ಒಂದು ಕ್ಯಾಸೆಟ್ಟಿನಲ್ಲಿ ಬಂದಿದ್ದವಂತೆ, ಬ್ಯಾಂಡಿನ ಯಜಮಾನನ ಹೆಸರಿನಲ್ಲಿ. "ನಾನು ಏನೂ ಅನ್ನಲಿಲ್ಲ ಕಣಮ್ಮ. ದೊಡ್ಡಸ್ತಿಕೆ ಅಂದ್ಕೊಂಡೆ. ಊರಿಗೆ ಬಂದು ಇಪ್ಪತ್ತು ವರ್ಷ ಗಿಟಾರ್ ಮುಟ್ಟಲಿಲ್ಲ. ಅದು ದೊಡ್ಡಸ್ತಿಕೆ ಅಲ್ಲ, ಹೇಡಿತನ." ಸತ್ತುಹೋದ ಆ ಯಜಮಾನನನ್ನು ಅವಳೆದುರು ಬಾಯಿ ತುಂಬ ಬೈದರು. ಅವರು ಹಾಗೆ ಬೈದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಬೈದು ಮುಗಿಸಿ ನೀರು ಕುಡಿದು, "ಎಲ್ಲಿ, ಆ ತಪ್ಪಿದ ಕಾರ್ಡು ತೋರಿಸು," ಎಂದರು.

ಮುಂದಿನ ತಿಂಗಳು ದೀಪಶ್ರೀಯ ಪರಿಚಯದವರೊಬ್ಬರು ಅರಕಲಗೂಡಿನ ನಾಮಕರಣಕ್ಕೆ ಪ್ರತಿಭಾಳೊಬ್ಬಳನ್ನೇ ಕರೆಸಿದರು. ಅರ್ಧ ಜನ ಮಾತಾಡುತ್ತಲೇ ಇದ್ದರು, ಮಗು ಅಳುತ್ತಿತ್ತು, ಅವಳು ನಲವತ್ತು ನಿಮಿಷ ನುಡಿಸಿದಳು. ಕಾರ್ಯಕ್ರಮಕ್ಕೆ ಬಾ ಎನ್ನುವ ಶಶಿಕುಮಾರನ ಸಂದೇಶಗಳು ಈಗಲೂ ಬರುತ್ತವೆ. ಒಂದರಲ್ಲೂ ಕ್ಷಮೆಯ ಮಾತಿಲ್ಲ, ಅವಳು ಒಂದಕ್ಕೂ ಉತ್ತರ ಕೊಟ್ಟಿಲ್ಲ.